ಎಡಮಗ್ಗುಲಿನ ಹೊಲಿಗೆ

ಟೈಲರಮ್ಮನ ಕೊರಳಲ್ಲಿರುವ ಟೇಪು ಬರೀ ಅಲಂಕಾರಕ್ಕೆ ಎಂದು ಬೀದಿಯವರು ತಮಾಷೆ ಮಾಡುತ್ತಿದ್ದರು. ಗಿರಾಕಿ ಹೆಂಗಸು ಬಾಗಿಲಲ್ಲಿ ಬಂದು ನಿಂತರೆ ಸಾಕು, ಕನ್ನಡಕವನ್ನು ಹಣೆಗೇರಿಸಿ ಒಮ್ಮೆ ನೋಡಿ, ಎದೆ ಇಷ್ಟು, ಸೊಂಟ ಇಷ್ಟು, ಬಲ ಹೆಗಲು ಒಂದು ನೂಲು ಇಳಿದಿದೆ ಎಂದು ಚೀಟಿಯಲ್ಲಿ ಬರೆದುಬಿಡುತ್ತಿದ್ದರು. ಅಂಗಡಿಯೆಂದರೆ ಮನೆಯ ಮುಂದಿನ ಕೋಣೆಯೇ. ಒಂದು ಹೊಲಿಗೆ ಯಂತ್ರ, ಕತ್ತರಿಸುವ ಮೇಜು, ನಿಲುಗನ್ನಡಿ, ಪರದೆ ಎಳೆದ ಒಂದು ಮೂಲೆ. ಹಿಂದಿನ ಎರಡು ಕೋಣೆಗಳಲ್ಲಿ ಮಗ, ಸೊಸೆ, ಮೊಮ್ಮಗಳು. ಮಗ ಲಿಫ್ಟ್ ರಿಪೇರಿ ಮಾಡುವವನು. ಸೊಸೆ ಹೆಣ್ಣುಮಕ್ಕಳ ಶಾಲೆಯಲ್ಲಿ ಡ್ರಿಲ್ ಟೀಚರು. ಹದಿನಾರರ ಮೊಮ್ಮಗಳಿಗೆ ಮನೆಯಲ್ಲಿ ರೇಡಿಯೋ ಎಂದೇ ಹೆಸರು. ಬೆಳಗ್ಗೆ ಎದ್ದು ಶುರುವಾದರೆ ಮಲಗಿದಾಗಲೇ ನಿಲ್ಲುತ್ತಿದ್ದಳು.

ಟೈಲರಮ್ಮನಿಗೆ ಒಂದು ಹೆಮ್ಮೆಯಿತ್ತು. ಗುಂಡಿ ಹಾಕಿಸಲೆಂದೋ ತೋಳು ಮೊಟಕು ಮಾಡಿಸಲೆಂದೋ ಬಂದ ಬಟ್ಟೆ ಎಲ್ಲಾದರೂ ಎಳೆಯುತ್ತಿದೆ ಎಂದು ಕಣ್ಣಿಗೆ ಬಿದ್ದರೆ, ಕೇಳದೆಯೇ ಅಲ್ಲಿಯ ಹೊಲಿಗೆ ಬಿಚ್ಚಿ, ಒಂದಿಷ್ಟು ಅಗಲ ಮಾಡಿ, ಇಸ್ತ್ರಿ ಹೊಡೆದು ಕೊಡುತ್ತಿದ್ದರು. ದಪ್ಪಗಾಗಿದ್ದೀಯ ಎಂದು ಯಾವ ಹೆಂಗಸಿಗೂ ಅವರು ಬಾಯಿಬಿಟ್ಟು ಹೇಳಿದವರಲ್ಲ. ನೀವು ಹೊಲಿದದ್ದು ಮಾತ್ರ ಯಾಕೋ ಬಿಗಿಯಾಗುವುದೇ ಇಲ್ಲ ಎಂದು ಗಿರಾಕಿಗಳು ಹೊಗಳಿದರೆ, ಬಟ್ಟೆ ಒಳ್ಳೆಯದು ಎಂದು ನಗುತ್ತಿದ್ದರು.

ಸೊಸೆಯ ಅಂಗಿಗೂ ಹಾಗೆಯೇ ಮಾಡಿದ್ದರು. ಎರಡು ವರ್ಷದ ಕೆಳಗೆ, ರೇಡಿಯೋಳ ಪರೀಕ್ಷೆಯ ದಿನಗಳಲ್ಲಿ, ಸೊಸೆಯ ಬಿಳಿ ಶಾಲೆಯಂಗಿಗಳನ್ನು ಇಸ್ತ್ರಿ ಮಾಡುವಾಗ ಎಡ ಎದೆಯ ಕೆಳಗೆ ಮಡಿಸಿ ಹೊಲಿದ ಟಕ್ಕು ಎಳೆದಿರುವುದು ಕಂಡಿತು. ಎಡಮಗ್ಗುಲಿನ ಹೊಲಿಗೆಯನ್ನು ಅರ್ಧ ಬೆರಳು ಬಿಚ್ಚಿಕೊಟ್ಟರು. ಐದು ತಿಂಗಳು ಕಳೆದು ಇನ್ನೊಂದು ಕಾಲು ಬೆರಳು. ಬಲಮಗ್ಗುಲನ್ನು ಎರಡು ಸಲವೂ ಮುಟ್ಟಬೇಕಾಗಲಿಲ್ಲ. ಒಂದು ಕಡೆ ಮಾತ್ರ ಏಕೆ ಎಂದು ಕೈಗೆ ಅನಿಸಿತ್ತು. ನಲವತ್ತು ದಾಟಿದ ಮೈ, ಒಂದು ಕಡೆ ಹೆಚ್ಚು ಒಂದು ಕಡೆ ಕಡಿಮೆ ಇದ್ದದ್ದೇ ಎಂದು ದಾರ ಕಚ್ಚಿ ಕತ್ತರಿಸಿದ್ದರು. ಅದಾಗಿ ಆರು ತಿಂಗಳಿಗೆ ಸೊಸೆಗೆ ಸ್ನಾನ ಮಾಡುವಾಗ ಗಂಟು ಕೈಗೆ ಸಿಕ್ಕಿತು. ಅಷ್ಟರಲ್ಲಿ ಅದು ನಿಂಬೆಹಣ್ಣಿನಷ್ಟಾಗಿತ್ತು. ಎಡಗಡೆಯ ಮೊಲೆಯನ್ನು ತೆಗೆದರು. ಆಮೇಲೆ ಔಷಧಿ, ವಾಂತಿ, ಬೋಳಾದ ತಲೆ, ಮತ್ತೆ ಚಿಗುರಿದ ಕೂದಲು. ಹೊಲಿಗೆ ಬಿಚ್ಚಿದ ಸಂಗತಿ ಟೈಲರಮ್ಮನನ್ನೂ ದೇವರನ್ನೂ ಬಿಟ್ಟು ಮೂರನೆಯವರಿಗೆ ಗೊತ್ತಿರಲಿಲ್ಲ. ಬೆಳಗ್ಗೆ ದೇವರ ಮುಂದೆ ನಿಂತರೆ ಮಾತು ಬರುತ್ತಿತ್ತು, ಸೊಸೆಯ ಮುಂದೆ ನಿಂತರೆ ಬರುತ್ತಿರಲಿಲ್ಲ.

ಸೊಸೆ ಶಾಲೆಗೆ ಹೋಗತೊಡಗಿ ನಾಲ್ಕು ತಿಂಗಳಾದ ಮೇಲೆ ವೈದ್ಯೆ, ಬೇಕೆಂದರೆ ಹೊಸ ಎದೆ ಮಾಡಿಕೊಡಬಹುದು ಎಂದರು. ಅತ್ತೆಯನ್ನು ಜೊತೆಗೆ ಕರೆದುಕೊಂಡೇ ಸೊಸೆ ಹೋದಳು. ನರ್ಸು ಮೇಜಿನ ಮೇಲೆ ಎದೆಯೊಳಗೆ ಕೂರಿಸುವ ಎರಡು ಇಂಪ್ಲಾಂಟುಗಳನ್ನು ತಂದಿಟ್ಟಳು, ತಿಳಿಯಾಗಿ ಮೆತ್ತಗಿದ್ದವು. ಒಂದು ಗುಂಡನೆಯದು, ಬೋಗುಣಿ ಬೋರಲು ಹಾಕಿದಂತೆ. ಇನ್ನೊಂದು ನಲ್ಲಿಯ ತುದಿಯಲ್ಲಿ ತೂಗುವ ನೀರಿನ ಹನಿಯಂತೆ, ಮೇಲೆ ತೆಳು, ಕೆಳಗೆ ತುಂಬು. ಹನಿಯಂಥದು ಇನ್ನೊಂದು ಎದೆಗೆ ಹೆಚ್ಚು ಹೊಂದುತ್ತದೆ, ಆದರೆ ಒಳಗೆ ತಿರುಗಿಕೊಂಡರೆ ಆಕಾರ ಕೆಡುತ್ತದೆ, ಮತ್ತೆ ಕುಯ್ಯಬೇಕು; ಮಾಂಸಕ್ಕೆ ಕಚ್ಚಿಕೊಳ್ಳಲೆಂದು ಅದರ ಹೊರಮೈ ಒರಟು, ಆ ಒರಟಿನಿಂದ ತೀರ ಅಪರೂಪಕ್ಕೆ ಬೇರೆ ಕಾಯಿಲೆಯೂ ಬಂದದ್ದಿದೆ. ಗುಂಡನೆಯದು ಎಷ್ಟು ತಿರುಗಿದರೂ ಗುಂಡೇ, ಆದರೆ ಮೇಲುಭಾಗ ಉಬ್ಬಿ ನಿಲ್ಲುತ್ತದೆ. ವೈದ್ಯೆ ಇಷ್ಟನ್ನು ನಿಧಾನವಾಗಿ ಹೇಳಿ, ಮೂರು ವಾರದಲ್ಲಿ ಯೋಚಿಸಿ ತಿಳಿಸಿ, ಆಮೇಲೆ ಒಂದು ಸ್ಕ್ಯಾನ್ ಮಾಡಿ ದಿನ ಗೊತ್ತುಮಾಡೋಣ ಎಂದರು.

ಸೊಸೆ ಒಂದೊಂದನ್ನು ಒಂದೊಂದು ಅಂಗೈಯಲ್ಲಿಟ್ಟು ತೂಗಿ ನೋಡಿದಳು.

"ಸಿಸ್ಟರ್, ಯಾವುದು ಜಾಸ್ತಿ ದೂರ ಹೋಗುತ್ತೆ, ಎಸೆದ್ರೆ?" ಎಂದು ಕೇಳಿದಳು.

ನರ್ಸು ನಕ್ಕಳು. ಟೈಲರಮ್ಮ ನಗಲಿಲ್ಲ. ಅವರು ತೂಕ ಎಷ್ಟು ಎಂದು ಕೇಳಿದರು. ಮುನ್ನೂರ ಇಪ್ಪತ್ತು ಗ್ರಾಂ ಎಂದಳು ನರ್ಸು.

ಆ ಸಂಜೆ ಊಟಕ್ಕೆ ಕುಳಿತಾಗ ಮಾತೆಲ್ಲ ಅದೇ. ರೇಡಿಯೋ ಬಾಯಲ್ಲಿ ಆಲೂಗಡ್ಡೆ ಇಟ್ಟುಕೊಂಡೇ ಗುಂಡನೆಯದೇ ಇರಲಿ, ಈಗ ಎಲ್ಲರೂ ಅದನ್ನೇ ಹಾಕಿಸಿಕೊಳ್ಳುತ್ತಾರೆ ಎಂದಳು. ಎಲ್ಲರೂ ಎಂದರೆ ಯಾರು, ನಿನ್ನ ಕ್ಲಾಸಿನವರಾ ಎಂದು ತಾಯಿ ಕೇಳಿದ್ದಕ್ಕೆ ಇನ್ನೊಂದು ಆಲೂಗಡ್ಡೆ ಬಾಯಿಗೆ ಹಾಕಿಕೊಂಡಳು. ಮಗ ತಲೆಯೆತ್ತದೆ ಸಾರು ಬಡಿಸಿಕೊಳ್ಳುತ್ತಿದ್ದ.

"ನೀವು ಹೇಳ್ರೀ," ಎಂದಳು ಸೊಸೆ.

"ಯಾವುದಾದ್ರೂ ಸರಿ."

"ಯಾವುದಾದ್ರೂ ಅಂದ್ರೆ? ಲಿಫ್ಟಿನ ಬಟನ್ನಾ ಇದು, ಮೇಲಕ್ಕೋ ಕೆಳಕ್ಕೋ ಯಾವುದೋ ಒಂದು ಒತ್ತೋಕೆ?"

"ನನಗೆ ನೀನಿದ್ರೆ ಸಾಕು ಅಂದೆ."

"ಇದ್ರೆ ಸಾಕಂತೆ, ಕೇಳಿದ್ರಾ ಅತ್ತೆ? ಮನೇಲಿ ಮೇಜು ಇದ್ದ ಹಾಗೆ."

ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ. ಅವಳಿಗೂ ಅದು ಗೊತ್ತಿತ್ತು. ಆದರೂ ಆ ರಾತ್ರಿ ಇಬ್ಬರ ಮುಖವೂ ಊದಿಕೊಂಡಿತ್ತು. ಜಗಳ ಹರಿಯಲೆಂದು ಟೈಲರಮ್ಮನೇ ಉಪಾಯ ಹೇಳಿದರು. ಟ್ರಯಲ್ ನೋಡದೆ ಯಾರೂ ಬಟ್ಟೆ ಒಪ್ಪುವುದಿಲ್ಲ, ಇದನ್ನು ಮಾತ್ರ ಮಾತಿನಲ್ಲೇ ಒಪ್ಪಬೇಕೇ ಎಂದರು.

ಮರುದಿನ ಮೆತ್ತನೆಯ ಹತ್ತಿಬಟ್ಟೆ ಕತ್ತರಿಸಿ ಎರಡು ಚೀಲ ಹೊಲಿದರು. ಒಂದು ಗುಂಡು, ಒಂದು ಹನಿ. ಒಳಗೆ ಸಾಸಿವೆ ತುಂಬಿ, ಅಡುಗೆಮನೆಯ ತಕ್ಕಡಿಯಲ್ಲಿ ಮುನ್ನೂರ ಇಪ್ಪತ್ತಕ್ಕೆ ತಂದರು. ಹನಿಯ ಚೀಲದೊಳಗೆ ಸಾಸಿವೆ ಮೇಲೇರದಂತೆ ನಡುವೆ ಎರಡು ಅಡ್ಡಹೊಲಿಗೆ ಹಾಕಿದರು. ಆಮೇಲೆ ಎರಡನ್ನೂ ದೇವರ ಮುಂದಿಟ್ಟು ಕಣ್ಣು ಮುಚ್ಚಿಕೊಂಡರು. ಶಾಲೆಯಿಂದ ಬಂದ ಮೊಮ್ಮಗಳು ನೋಡಿ, ಅಜ್ಜಿ ದೇವರಿಗೇ ಆರಿಸೋಕೆ ಕೊಟ್ಟಿದ್ದಾರೆ ಎಂದು ಅಡುಗೆಮನೆಯವರೆಗೂ ಸಾರಿದಳು.

ಮೊದಲ ವಾರ ಗುಂಡನೆಯದು. ಸೊಸೆ ಅದನ್ನು ಒಳಅಂಗಿಯಲ್ಲಿಟ್ಟುಕೊಂಡು ಶಾಲೆಗೆ ಹೋಗಿ ಬಂದಳು. ಓಡಿದಳು, ಬಗ್ಗಿದಳು, ಮಕ್ಕಳಿಗೆ ಹಗ್ಗದಾಟ ಕಲಿಸಿದಳು. ಜರುಗಲಿಲ್ಲ, ಪರವಾಗಿಲ್ಲ ಎಂದಳು. ಟೈಲರಮ್ಮನ ಕಣ್ಣಿಗೆ ಮಾತ್ರ ಅದು ಸರಿಕಾಣಲಿಲ್ಲ. ಬಲಗಡೆಯದು ನಲವತ್ತಮೂರು ವರ್ಷದ, ಒಂದು ಮಗುವಿಗೆ ಹಾಲುಕೊಟ್ಟ ಎದೆ. ಎಡಗಡೆ ಇದು ಹುಡುಗಿಯ ಎದೆಯ ಹಾಗೆ ಕೊರಳಿನತ್ತ ಮುಖ ಮಾಡಿ ನಿಂತಿತ್ತು. ಕಾಲರಿನಿಂದ ಎಡಕ್ಕೆ ಒಂದು ನಿರಿಗೆ ಓಡುತ್ತಿತ್ತು. ಯಾವ ಟಕ್ಕು ಹಾಕಿದರೂ ಆ ನಿರಿಗೆ ಹೋಗದು ಎಂದು ಅವರಿಗೆ ಗೊತ್ತಾಯಿತು.

ಎರಡನೆಯ ವಾರ ಹನಿ. ಸೋಮವಾರ ಬೆಳಗ್ಗೆ ಅಂಗಿಯ ಗುಂಡಿ ಹಾಕಿಕೊಂಡು ನಿಲುಗನ್ನಡಿಯ ಮುಂದೆ ಬಂದವಳು ಅಲ್ಲೇ ನಿಂತುಬಿಟ್ಟಳು. ಬಟ್ಟೆ ಎಲ್ಲಿಯೂ ಎಳೆಯದೆ, ಏನೂ ನಡೆದೇ ಇಲ್ಲವೆಂಬಂತೆ ಬಿದ್ದಿತ್ತು.

"ಅತ್ತೆ, ಇದು ನಾನೇ," ಎಂದಳು.

ಬಸ್ಸು ತಪ್ಪುತ್ತದೆ ಎಂದು ಗಂಡ ಎರಡು ಸಲ ಕರೆದ ಮೇಲೆಯೇ ಕನ್ನಡಿ ಬಿಟ್ಟು ಹೋದಳು. ಆ ವಾರದಲ್ಲಿ ಮೂರು ದಿನ ಮನೆಯಲ್ಲಿ ನಗುವಿತ್ತು. ಒಂದು ಸಂಜೆ ಅವಳು ದಾರಿಯಲ್ಲಿ ಹೂವಿನ ಗಿಡದ ಕುಂಡವೊಂದನ್ನು ಕೊಂಡು ತಂದಳು. ಮಗ ತಾನಾಗಿಯೇ ಪಾತ್ರೆ ತೊಳೆದ.

ಗುರುವಾರ ರಿಲೇ ಓಟದ ಅಭ್ಯಾಸ. ಬ್ಯಾಟನ್ ಕೊಡುವುದು ಹೇಗೆಂದು ತೋರಿಸಲು ಕೈ ಹಿಂದಕ್ಕೆ ಚಾಚಿ ಓಡಿದಾಗ ಹನಿ ತಿರುಗಿ ಕಂಕುಳಿನತ್ತ ಮೂತಿ ಮಾಡಿತು. ಅವಳಿಗೆ ತಿಳಿಯಲಿಲ್ಲ. ಮುಂದಿನ ಸಾಲಿನ ಹುಡುಗಿಯೊಬ್ಬಳು ಬಾಯಿಗೆ ಕೈ ಅಡ್ಡ ಹಿಡಿದಾಗ ತಿಳಿಯಿತು. ಮನೆಗೆ ಬಂದವಳೇ ಚೀಲವನ್ನು ತೆಗೆದು ಕತ್ತರಿಸುವ ಮೇಜಿನ ಮೇಲೆ ಹಾಕಿದಳು.

"ಇದು ಒಳಗೆ ಹೋದಮೇಲೆ ಹೀಗೆ ತಿರುಗಿದ್ರೆ ಪಿನ್ನು ಚುಚ್ಚಿ ನಿಲ್ಲಿಸೋಕಾಗುತ್ತಾ?"

ಇದು ಸಾಸಿವೆ, ಅದು ಮಾಂಸಕ್ಕೆ ಕಚ್ಚಿಕೊಂಡು ಕೂರುತ್ತದಂತೆ, ವೈದ್ಯೆ ಹೇಳಲಿಲ್ಲವೇ ಎಂದು ಟೈಲರಮ್ಮ ಸಮಾಧಾನ ಹೇಳಿದರು. ಸೊಸೆ ಸ್ಟೂಲಿನ ಮೇಲೆ ಕುಳಿತು ಶೂ ಬಿಚ್ಚಿದಳು. ಊಟದ ಹೊತ್ತಿಗೆ ಅವಳ ಸಿಟ್ಟು ಇಳಿದಿತ್ತು. ಎಲ್ಲರ ತಟ್ಟೆಗೂ ಬಡಿಸಿ, ತಾನೂ ಕುಳಿತು, ಒಂದು ತೀರ್ಮಾನಕ್ಕೆ ಬಂದವಳಂತೆ ಹೇಳಿದಳು:

"ನನಗೆ ಯೋಚನೆ ಮಾಡಿ ಸಾಕಾಯ್ತು. ನನ್ನ ಮೈ ನನಗಿಂತ ಅತ್ತೆ ಕೈಗೇ ಚೆನ್ನಾಗಿ ಗೊತ್ತು. ಹದಿನೆಂಟು ವರ್ಷದಿಂದ ಅವರು ಹೊಲಿದಿದ್ದೇ ಹಾಕ್ಕೊಂಡಿದ್ದೀನಿ. ಅವರು ಯಾವುದು ಅಂತಾರೋ ಅದೇ."

ರೇಡಿಯೋ ಕೂಡ ತಲೆಯಾಡಿಸಿದಳು. ಟೈಲರಮ್ಮನ ಕೈಯ ತುತ್ತು ತಟ್ಟೆಗೇ ಮರಳಿತು. ಭಾನುವಾರ ಹೇಳುತ್ತೇನೆ ಎಂದಷ್ಟೇ ಹೇಳಿ ಎದ್ದರು.

ಶನಿವಾರ ಬೆಳಗ್ಗೆ ಮಗ ಕೆಲಸದ ಚೀಲಕ್ಕೆ ಸ್ಪ್ಯಾನರುಗಳನ್ನು ತುಂಬುತ್ತಿದ್ದಾಗ ಅವರು ಅವನಿಗೆ ಎಲ್ಲವನ್ನೂ ಹೇಳಿದರು. ಅರ್ಧ ಬೆರಳು, ಕಾಲು ಬೆರಳು, ಎರಡನ್ನೂ. ಅವನು ಚೀಲದ ಜಿಪ್ಪನ್ನು ಅರ್ಧಕ್ಕೆ ಎಳೆದು ನಿಲ್ಲಿಸಿದ.

"ಅವಳಿಗೆ ಹೇಳ್ಬೇಡಮ್ಮ."

"ನನ್ನ ಕೈ ನಂಬಿ ಕೂತಿದ್ದಾಳೆ ಕಣೋ. ಆ ಕೈ ಏನು ಮಾಡಿದೆ ಅಂತ ತಿಳಿಯದೆ ನಂಬಿದ್ದಾಳೆ."

"ಈಗ ಹೇಳಿದ್ರೆ ಯಾರಿಗೇನು ಬರುತ್ತೆ? ನಿನ್ನ ಎದೆ ಹಗುರ ಆಗುತ್ತೆ, ಅಷ್ಟೇ. ಅವಳದು ಭಾರ ಆಗುತ್ತೆ."

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಅವನು ಹೋದಮೇಲೆ ಅವರು ಅದನ್ನೇ ದೇವರ ಮುಂದೆಯೂ ಹೇಳಿದರು. ಆದರೂ ಭಾನುವಾರ ಬಂದಾಗ, ಹಿತ್ತಲ ಮೆಟ್ಟಿಲ ಮೇಲೆ ಸೊಸೆಯೂ ತಾವೂ ಬಟಾಣಿ ಸುಲಿಯುತ್ತ ಕುಳಿತಾಗ, ಹನಿ ಎನ್ನಲು ಬಾಯಿ ತೆರೆದವರ ಬಾಯಿಂದ ಬಂದದ್ದು ಇನ್ನೊಂದು. ಸುತ್ತಿ ಬಳಸದೆ ಹೇಳಿದರು. ಸೊಸೆಯ ಬೆರಳು ಸಿಪ್ಪೆಯೊಳಗೆ ನಿಂತಿತು.

"ಎಷ್ಟು ಬಿಚ್ಚಿದ್ರಿ?" ಎಂದು ಕೇಳಿದಳು.

"ಮೊದಲು ಅರ್ಧ ಬೆರಳು. ಆಮೇಲೆ ಕಾಲು."

"ಮೊದಲನೇದು ಯಾವಾಗ?"

"ಮಗುವಿನ ಪರೀಕ್ಷೆ ನಡೀತಿತ್ತು."

ಸೊಸೆ ಬೆರಳಿನ ಗೆಣ್ಣುಗಳ ಮೇಲೆ ಗಂಟು ಸಿಕ್ಕಿದ ದಿನದವರೆಗೆ ತಿಂಗಳೆಣಿಸಿದಳು. ಹನ್ನೊಂದಕ್ಕೆ ನಿಂತಳು.

"ಆ ಅಂಗಿ ಒಂದು ಸಲ ಕಂಕುಳ ಹತ್ರ ಬಿಗಿ ಅನ್ನಿಸಿತ್ತು ಅತ್ತೆ. ಮಾರನೇ ದಿನ ನೋಡಿದ್ರೆ ಸರಿಹೋಗಿತ್ತು. ಹೇಳದೇನೇ ನಮ್ಮತ್ತೆಗೆ ಗೊತ್ತಾಗುತ್ತೆ ಅಂತ ಸ್ಟಾಫ್ ರೂಮಲ್ಲಿ ಎಲ್ಲರ ಮುಂದೆ ಜಂಬ ಕೊಚ್ಚಿಕೊಂಡಿದ್ದೆ."

ಟೈಲರಮ್ಮ ಕೈಯಲ್ಲಿದ್ದ ಕಾಳನ್ನು ಬೋಗುಣಿಗೆ ಹಾಕಿದರು.

"ಬಿಗಿಯಾಗೇ ಇದ್ದಿದ್ರೆ ನಾನೇ ನೋಡ್ಕೊಂಡಿರ್ತಿದ್ದೆ, ಅಲ್ವಾ?"

ಸೊಸೆ ಕೂಗಲಿಲ್ಲ, ಅಳಲಿಲ್ಲ. ಉಳಿದ ಬಟಾಣಿಯನ್ನೆಲ್ಲ ಸುಲಿದು ಮುಗಿಸಿ, ಸಿಪ್ಪೆಯನ್ನು ಬುಟ್ಟಿಗೆ ಹಾಕಿ, ಕಾಳಿನ ಬೋಗುಣಿಯನ್ನು ಒಳಗೆ ಒಯ್ದಳು. ಯಾವ ಆಕಾರ ಎಂದು ಮತ್ತೆ ಅವರನ್ನು ಕೇಳಲಿಲ್ಲ.

ಅಂದಿನಿಂದ ಮನೆಯಲ್ಲಿ ಎಲ್ಲವೂ ಇದ್ದ ಹಾಗೆಯೇ ಇತ್ತು, ಮಾತೊಂದನ್ನು ಬಿಟ್ಟು. ಅತ್ತೆಗೆ ಮೊದಲು ಬಡಿಸುವುದನ್ನು ಅವಳು ನಿಲ್ಲಿಸಲಿಲ್ಲ. ಅವರ ಪಕ್ಕ ಕೂರುವುದನ್ನು ನಿಲ್ಲಿಸಿದಳು. ತನ್ನ ಅಂಗಿಗಳನ್ನು ತಾನೇ ಒಗೆದು, ತಾನೇ ಇಸ್ತ್ರಿ ಮಾಡಿಕೊಂಡಳು. ಗುಂಡಿ ಕಿತ್ತುಹೋದಾಗ ತಾನೇ ಹಾಕಿಕೊಂಡಳು, ಸೊಟ್ಟಗೆ. ಒಂದು ದಿನ ಪೇಟೆಯಿಂದ ಎರಡು ರೆಡಿಮೇಡ್ ಅಂಗಿ ತಂದಳು. ಅವುಗಳ ಹೆಗಲು ಇಳಿಬಿದ್ದಿತ್ತು, ತೋಳು ಉದ್ದವಾಗಿತ್ತು. ಅವಳು ಅವನ್ನು ತೊಟ್ಟು ಮುಂದಿನ ಕೋಣೆಯನ್ನು ದಾಟಿ ಹೋಗುವಾಗ ಟೈಲರಮ್ಮ ಯಂತ್ರದ ಮೇಲೆ ಕಣ್ಣು ನೆಟ್ಟು ಕೂರುತ್ತಿದ್ದರು. ರೇಡಿಯೋ ಎರಡು ದಿನ ಅಜ್ಜಿಯ ಮುಖ, ಅಮ್ಮನ ಮುಖ ನೋಡಿದಳು. ಇಬ್ಬರೂ ಏನೂ ಇಲ್ಲ ಎಂದರು. ಅವಳ ಮಾತೂ ಕಡಿಮೆಯಾಯಿತು.

ಮೂರು ವಾರ ತುಂಬಿದ ದಿನ ಸೊಸೆ ಯಾರನ್ನೂ ಕೇಳದೆ ಆಸ್ಪತ್ರೆಗೆ ಫೋನು ಮಾಡಿ ಗುಂಡನೆಯದೇ ಇರಲಿ ಎಂದು ತಿಳಿಸಿದಳು. ಚೆನ್ನಾಗಿ ಕಾಣುವುದಕ್ಕಿಂತ, ತಿರುಗಿದರೂ ಮೋಸ ಮಾಡದ್ದು ಬೇಕು ಎಂದು ಗಂಡನಿಗೆ ಹೇಳಿದ್ದು ಮುಂದಿನ ಕೋಣೆಗೆ ಕೇಳಿಸಿತು. ಟೈಲರಮ್ಮನಿಗೆ ಆ ಕಾಲರಿನ ನಿರಿಗೆ ಕಣ್ಣಿಗೆ ಕಟ್ಟಿತು. ಆದರೆ ಅವಳು ಬದುಕಿದ್ದು ನೂರು ನಿರಿಗೆಯ ಅಂಗಿ ತೊಡಲಿ, ನನ್ನ ಮುಖ ನೋಡದಿದ್ದರೂ ಇರಲಿ ಎಂದು ಮರುದಿನ ಬೆಳಗ್ಗೆ ದೇವರಲ್ಲಿ ಬೇಡಿಕೊಂಡರು. ಅದಕ್ಕಿಂತ ಹೆಚ್ಚಿನದನ್ನು ಕೇಳಲಿಲ್ಲ.

ಸ್ಕ್ಯಾನಿನ ವರದಿ ತರುವ ದಿನ ಮಗನಿಗೆ ಎಲ್ಲೋ ಲಿಫ್ಟಿನಲ್ಲಿ ಜನ ಸಿಕ್ಕಿಹಾಕಿಕೊಂಡಿದ್ದಾರೆಂದು ಕರೆ ಬಂತು. ಹಾಗಾಗಿ ಅತ್ತೆಯೇ ಜೊತೆಗೆ ಹೋಗಬೇಕಾಯಿತು. ಇಬ್ಬರೂ ಬಸ್ಸಿನಲ್ಲಿ ಹಿಂದೆ ಮುಂದೆ ಕುಳಿತು ಹೋದರು. ವೈದ್ಯೆ ಕಾಗದಗಳನ್ನು ಒಂದರ ಮೇಲೊಂದು ಜೋಡಿಸಿ, ಮತ್ತೆ ಬಿಡಿಸಿ, ಪಿತ್ತಜನಕಾಂಗದಲ್ಲಿ ನಾಲ್ಕು ಕಡೆ, ಬೆನ್ನುಮೂಳೆಯಲ್ಲಿ ಎರಡು ಕಡೆ ಕಾಯಿಲೆ ಹರಡಿರುವುದು ಕಾಣುತ್ತಿದೆ ಎಂದರು. ಔಷಧಿ ಮತ್ತೆ ಶುರು ಮಾಡಬೇಕು. ಅದು ಗುಣ ಮಾಡುವ ಔಷಧಿಯಲ್ಲ, ಸ್ವಲ್ಪ ಕಾಲ ತಡೆದು ಹಿಡಿಯುವಂಥದು. ಆಕಾರದ ಮಾತು ಸದ್ಯಕ್ಕೆ ಬೇಡ.

"ಸದ್ಯಕ್ಕೆ ಅಂದ್ರೆ?" ಎಂದಳು ಸೊಸೆ.

ವೈದ್ಯೆ ಅವಳ ಕೈಯ ಮೇಲೆ ಕೈಯಿಟ್ಟರು. ಅದೇ ಉತ್ತರ ಎಂದು ಇಬ್ಬರಿಗೂ ತಿಳಿಯಿತು.

"ಆರು ತಿಂಗಳು ಮೊದಲೇ ಬಂದಿದ್ರೆ? ಹನ್ನೊಂದು ತಿಂಗಳು?"

ಹೇಳುವುದು ಕಷ್ಟ, ಬೇರೆಯಾಗುತ್ತಿತ್ತೇನೋ, ಹೀಗೇ ಆಗುತ್ತಿತ್ತೇನೋ, ಈ ಕಾಯಿಲೆ ಲೆಕ್ಕಕ್ಕೆ ಸಿಗುವುದಿಲ್ಲ ಎಂದರು ವೈದ್ಯೆ. ಆಮೇಲೆ ಅವಳನ್ನೇ ನೋಡುತ್ತ, "ನಿಮ್ಮ ತಪ್ಪೇನೂ ಇಲ್ಲ ಇದರಲ್ಲಿ," ಎಂದರು.

ಸೊಸೆ ಅತ್ತೆ ಕುಳಿತಿದ್ದ ಪಕ್ಕದ ಕುರ್ಚಿಯತ್ತ ತಿರುಗಲಿಲ್ಲ. ಬರುವಾಗಲೂ ಬಸ್ಸಿನಲ್ಲಿ ಹಿಂದೆ ಮುಂದೆ ಕುಳಿತೇ ಬಂದರು.

ಆ ದಿನ ಮಗ ಮನೆಗೆ ಬಂದು ಸುದ್ದಿ ಕೇಳಿ, ಎಣ್ಣೆಗೈಯಲ್ಲೇ ಹಿತ್ತಲಿನ ಮೆಟ್ಟಿಲ ಮೇಲೆ ಕುಳಿತುಬಿಟ್ಟ. ತಾಯಿಯನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು ಎಂದು ಅವರಿಗೆ ಅನಿಸಿತು. ರೇಡಿಯೋಳಿಗೆ ತಾಯಿಯೇ ಹೇಳಿದಳು, ಬಾಗಿಲು ಹಾಕಿಕೊಂಡು. ಹೊರಗೆ ಬಂದ ಹುಡುಗಿ ಯಾರೂ ಹೇಳದೆ ಅನ್ನಕ್ಕೆ ಅಕ್ಕಿ ತೊಳೆದಿಟ್ಟಳು.

ಔಷಧಿ ಶುರುವಾಯಿತು. ವಾರಕ್ಕೆ ಮೂರು ದಿನ ಶಾಲೆ, ಉಳಿದ ದಿನ ಹಾಸಿಗೆ. ಅವಳು ಓಡಿ ತೋರಿಸುವುದನ್ನು ಬಿಟ್ಟು ಕುರ್ಚಿಯಲ್ಲಿ ಕುಳಿತು ಸೀಟಿ ಊದತೊಡಗಿದಳು. ಮನೆಯ ಅಡುಗೆ ಟೈಲರಮ್ಮನ ಕೈಗೆ ಬಂತು. ಮೆತ್ತಗೆ ಬೇಯಿಸಿದ್ದನ್ನು ಅವಳು ಎರಡು ತುತ್ತು ತಿಂದು ತಟ್ಟೆ ಸರಿಸುತ್ತಿದ್ದಳು. ಬರಬರುತ್ತ ಗಿರಾಕಿಗಳ ಬಟ್ಟೆ ಹೊಲಿಯುವುದೂ ಟೈಲರಮ್ಮನಿಗೆ ಕಷ್ಟವಾಯಿತು. ಯಾವ ಅಂಗಿ ಎಲ್ಲಿ ಎಳೆದಿದ್ದರೂ ಕರೆದು, ಇಲ್ಲಿ ಯಾಕೆ ಎಳೀತಿದೆ, ಡಾಕ್ಟರಿಗೆ ತೋರಿಸಿ ಬನ್ನಿ, ಆಮೇಲೆ ಬಿಚ್ಚಿಕೊಡ್ತೀನಿ ಎನ್ನುತ್ತಿದ್ದರು. ನಾಲ್ವರು ಹೆಂಗಸರು ಮುನಿಸಿಕೊಂಡು ಬೇರೆ ಟೈಲರನ್ನು ಹುಡುಕಿಕೊಂಡರು.

ಎರಡು ತಿಂಗಳು ಕಳೆದ ಒಂದು ಸೋಮವಾರ ಬೆಳಗ್ಗೆ ಸೊಸೆ ಶಾಲೆಗೆ ಹೊರಟವಳು ಮುಂದಿನ ಕೋಣೆಯಲ್ಲಿ ನಿಂತಳು. ಚಪ್ಪಲಿಯ ಪಟ್ಟಿ ಹಾಕಿಕೊಳ್ಳಲು ಬಗ್ಗಿ ಎದ್ದಾಗ ತಲೆ ತಿರುಗಿ ಮೇಜನ್ನು ಹಿಡಿದುಕೊಂಡಿದ್ದಳು. ಟೈಲರಮ್ಮ ಎದ್ದು ಬೆನ್ನಿಗೆ ಕೈ ಕೊಟ್ಟರು. ರೆಡಿಮೇಡ್ ಅಂಗಿ ಚೀಲದ ಹಾಗೆ ಜೋಲುತ್ತಿತ್ತು. ಕೈ ತಾನಾಗಿಯೇ ಬೆನ್ನಿನ ಬಟ್ಟೆಯನ್ನು ಮಡಿಸಿ ಹಿಡಿಯಿತು. ಇನ್ನೊಂದು ಕೈ ಪಿನ್ನಿಗೆ ತಡಕಾಡಿತು.

"ಐದು ನಿಮಿಷ ಕಣೆ, ಹಿಡಿದುಕೊಡ್ತೀನಿ," ಎಂದರು.

ಸೊಸೆ ಹಾಗೆಯೇ ನಿಂತಿದ್ದಳು.

"ಎಷ್ಟಿದೆ ಅತ್ತೆ?"

"ಏನು?"

"ಹಿಡಿದ್ರಲ್ಲ. ಎಷ್ಟು?"

"ಎರಡು ಬೆರಳು," ಎಂದರು.

"ಹೋದ ವಾರ? ನೋಡಿರ್ತೀರಿ ನೀವು."

"ಒಂದೂವರೆ."

ಸೊಸೆ ಮೇಜಿನಿಂದ ಕೈ ತೆಗೆದು ನೆಟ್ಟಗೆ ನಿಂತಳು. "ಹಿಡಿಬೇಡಿ. ಬಿಟ್ಟುಬಿಡಿ, ಸಡಿಲ ಇರಲಿ," ಎಂದಳು. "ಬರೀ ಹೇಳಿ ಸಾಕು. ವಾರ ವಾರ ಹೇಳಿ."

ಟೈಲರಮ್ಮ ಬಟ್ಟೆಯನ್ನು ಬಿಟ್ಟರು. ಅವಳು ಸೀಟಿಯನ್ನು ಕೊರಳಿಗೆ ಹಾಕಿಕೊಂಡು, ಗೋಡೆ ಹಿಡಿದು ಮೆಟ್ಟಿಲಿಳಿದು ಹೋದಳು.

ಮುಂದಿನ ಸೋಮವಾರ ಅವಳಾಗಿಯೇ ಬಂದು ಅವರಿಗೆ ಬೆನ್ನು ಕೊಟ್ಟು ನಿಂತಳು. ಒಳಗೆ ರೇಡಿಯೋ ತಾಯಿಯ ಊಟದ ಡಬ್ಬಿಗೆ ಮುಚ್ಚಳ ಹಾಕುತ್ತಿದ್ದ ಸದ್ದು ಕೇಳಿಸುತ್ತಿತ್ತು. ಟೈಲರಮ್ಮ ಬಟ್ಟೆಯನ್ನು ಮಡಿಸಿ ಹಿಡಿದರು. ಒಮ್ಮೆ ಹಿಡಿದು, ತಪ್ಪಿರಬಹುದೇನೋ ಎಂದು ಬಿಟ್ಟು, ಮತ್ತೊಮ್ಮೆ ಹಿಡಿದರು.

"ಮೂರು," ಎಂದರು.